ಪಂಪಿನ ಸದ್ದು ಕೇಳಿಸಿದ ಮೇಷ್ಟ್ರು

ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯತೊಡಗಿದರೆ ನಮ್ಮ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ಪಾಠವೇ ಕೇಳಿಸುತ್ತಿರಲಿಲ್ಲ. ಅಂಥ ಗದ್ದಲದಲ್ಲಿಯೂ ಒಂದು ದಿನ ನಮ್ಮ ಮೇಷ್ಟ್ರು ಸೆಂಟ್ರಿಫ್ಯೂಗಲ್ ಪಂಪಿನತ್ತ ಕಿವಿಗೊಟ್ಟು, “ಒಳಗೆ ಜಲ್ಲಿ ಹುರಿದ ಹಾಗಿದೆ, ಫುಟ್‌ವಾಲ್ವಿಗೆ ಕಸ ಸಿಕ್ಕಿರಬೇಕು” ಎಂದರು. ಅಟೆಂಡರ್ ಹೀರುಪೈಪಿನ ತುದಿಯಲ್ಲಿರುವ ಆ ವಾಲ್ವನ್ನು ಬಿಚ್ಚಿ ನೋಡಿದಾಗ ಜಾಲರಿಯ ತುಂಬ ಬಿದಿರೆಲೆಗಳಿದ್ದವು.

ಅವರು ಎಂ.ಟೆಕ್. ಪದವೀಧರರು, ಬೋಧನೆಗೆ ಬರುವ ಮೊದಲು 14 ವರ್ಷ ಶರಾವತಿ ವಿದ್ಯುದಾಗಾರದಲ್ಲಿ ದುಡಿದಿದ್ದರು. 10 ಘಟಕಗಳಿಂದ 1035 ಮೆಗಾವ್ಯಾಟ್ ಉತ್ಪಾದಿಸುವ ಆ ಕೇಂದ್ರದಲ್ಲಿ, 400 ಮೀಟರಿಗೂ ಮಿಕ್ಕಿದ ಎತ್ತರದಿಂದ ಇಳಿದ ನೀರು ಪೆಲ್ಟನ್ ಚಕ್ರವೆಂಬ ಟರ್ಬೈನಿನ ಬಟ್ಟಲಿನಂಥ ಬಕೆಟ್ಟಿಗೆ ಬಡಿಯುವ ರಭಸವನ್ನೂ, ಬಕೆಟ್ಟಿನ ಬುಡದಲ್ಲಿ ಕೂದಲೆಳೆಯಂಥ ಬಿರುಕನ್ನು ಹುಡುಕುವ ಕ್ರಮವನ್ನೂ ಅವರು ವರ್ಣಿಸುವಾಗ ನಾವು ಬರೆದುಕೊಳ್ಳುವುದನ್ನೇ ಮರೆಯುತ್ತಿದ್ದೆವು.

ಪಿಎಚ್‌.ಡಿ. ಪಡೆದಿದ್ದ ನಮ್ಮ ಮೇಡಂ ಅವರನ್ನು ‘ಬರೀ ಪುಸ್ತಕ’ ಎಂದು ಆಡಿಕೊಂಡವರಲ್ಲಿ ನಾನೂ ಒಬ್ಬ. ಮರುವಾರ ಅವರು ಅದೇ ಪಂಪಿನ ನೀರು ಹೀರುವ ಬದಿಯ ಸಕ್ಷನ್ ವಾಲ್ವನ್ನು ಹಂತಹಂತವಾಗಿ ಮುಚ್ಚಿಸಿ, ಪ್ರತಿ ಹಂತದಲ್ಲೂ ವ್ಯಾಕ್ಯೂಮ್ ಗೇಜಿನ ಅಂಕಿ ಬರೆಸಿದರು. ಒತ್ತಡವು ನೀರು ತಾನಾಗಿ ಆವಿಯಾಗತೊಡಗುವ ಮಟ್ಟಕ್ಕಿಂತ, ಅಂದರೆ ಆವಿಯೊತ್ತಡಕ್ಕಿಂತ, ಕೆಳಗಿಳಿದಾಗ ನೀರಿನಲ್ಲಿ ಹುಟ್ಟುವ ಗುಳ್ಳೆಗಳು ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲ್ಲರಿನ ಬಳಿ ಒಡೆಯುವುದೇ ಆ ಸದ್ದೆಂದು, ಅದು ಯಾವ ಹಂತದಲ್ಲಿ ಆರಂಭವಾಗುವುದೆಂಬುದನ್ನು ಮೊದಲೇ ಲೆಕ್ಕ ಹಾಕಬಹುದೆಂದು ತೋರಿಸಿಕೊಟ್ಟರು. ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ತಾವೂ ನೋಟ್ಸ್ ಬರೆದುಕೊಳ್ಳುತ್ತಿದ್ದರು.

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ 2019ರ ನಿಯಮದಂತೆ, ಸಹಾಯಕ ಪ್ರಾಧ್ಯಾಪಕ ಹುದ್ದೆಗಿಂತ ಮೇಲಿನ ಸಹ ಪ್ರಾಧ್ಯಾಪಕ ಹುದ್ದೆಗೆ 8 ವರ್ಷಗಳ ಅನುಭವ ಬೇಕು. ಕೈಗಾರಿಕೆಯ ವರ್ಷಗಳೂ ಅದರಲ್ಲಿ ಸೇರುತ್ತವೆ. ಆದರೆ ಪಿಎಚ್‌.ಡಿ. ಮತ್ತು ಕನಿಷ್ಠ 6 ಸಂಶೋಧನಾ ಪ್ರಬಂಧಗಳಿಲ್ಲದೆ ಆ ವರ್ಷಗಳಿಗೆ ಬೆಲೆಯಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಅವಕಾಶ ಕಲ್ಪಿಸಿ, 15 ವರ್ಷಗಳ ವೃತ್ತಿ ಅನುಭವವುಳ್ಳವರಿಗೆ ಪಿಎಚ್‌.ಡಿ. ಕಡ್ಡಾಯವಲ್ಲವೆಂದಿತು. ನಮ್ಮ ಮೇಷ್ಟ್ರಿಗೆ ಒಂದು ವರ್ಷ ಕಡಿಮೆ. ಅದಿದ್ದರೂ, ಈಗಾಗಲೇ ಬೋಧಕರಾಗಿರುವವರಿಗೆ ಆ ಹುದ್ದೆಯಿಲ್ಲ. ಕಾರ್ಖಾನೆ ಬಿಟ್ಟು ಮೊದಲೇ ತರಗತಿಗೆ ಬಂದವರನ್ನು ಹೊರಗಿಟ್ಟ ಈ ಷರತ್ತು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಹಾಗೆಂದು ಪಿಎಚ್‌.ಡಿ. ಬೇಡವೆನ್ನಲಾರೆ, ಮೇಡಂ ಅವರ ಆ ಒಂದು ತರಗತಿ ಇಲ್ಲದಿದ್ದರೆ ನಾನು ಸದ್ದನ್ನು ಗುರುತಿಸುತ್ತಿದ್ದೆನೇ ಹೊರತು ಆ ಗುಳ್ಳೆಗಳೇಳದಂತೆ ಪಂಪನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕೆಂದು ಹೇಳಲಾರದೆ ಹೋಗುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಕಾಲೇಜಿಗೆ ಹೋದಾಗ ಮೇಷ್ಟ್ರ ಕೋಣೆಯ ಫಲಕದಲ್ಲಿ ‘ಸಹಾಯಕ ಪ್ರಾಧ್ಯಾಪಕ’ ಎಂದೇ ಇತ್ತು. ಅವರು ಲ್ಯಾಬಿನಲ್ಲಿದ್ದರು, ಮೇಡಂ ಅವರ ಸಂಶೋಧನಾ ವಿದ್ಯಾರ್ಥಿಯೊಬ್ಬನಿಗಾಗಿ ಸಕ್ಷನ್ ಪೈಪಿಗೆ ಹೊಸ ಗೇಜನ್ನು ಕೂರಿಸುತ್ತಿದ್ದರು.