ಸ್ವಿಚ್ ಹಾಕುವ ಮೊದಲು ಊಹೆ ಬರೆಸಿ

ನಾನು ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರೊಜೆಕ್ಟರ್ ಬಂದ ಮೇಲೆ ನಮ್ಮ ಕೆಲಸ ಕಡಿಮೆಯಾಗಲಿಲ್ಲ, ಆದರೆ ಪಾಠ ಚೆನ್ನಾಗಾಯಿತು. ಹೇಗೆ ಅಂತ ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದರಂತೆ ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ? ಪ್ರತಿ ವರ್ಷವೂ ತುಂಬಾ ಮಕ್ಕಳು "ಮೊದಲನೇದು ಮಿಸ್" ಅನ್ನುತ್ತಾರೆ. ಮೊದಲ ಬಲ್ಬು ಸ್ವಲ್ಪ ಕರೆಂಟ್ ತಿಂದುಬಿಡುತ್ತದೆ, ಮಿಕ್ಕಿದ್ದು ಮುಂದಿನದಕ್ಕೆ ಅನ್ನೋದು ಅವರ ಲೆಕ್ಕ. ಓಮನ ನಿಯಮ ಬಾಯಿಪಾಠ ಇರುವವರೂ ಹಾಗೇ ಹೇಳುತ್ತಾರೆ.

ಮೊದಲು ಎಸ್.ಪಿ. ರೋಡಿನಲ್ಲಿ ಕೊಂಡ ಟಾರ್ಚ್ ಬಲ್ಬುಗಳನ್ನೇ ಕೈಗೆ ಕೊಡುತ್ತೇನೆ. ಆ ಬಲ್ಬುಗಳಲ್ಲಿ ಒಂದಕ್ಕೊಂದು ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಮೊದಲನೇದೇ ಜಾಸ್ತಿ ಬೆಳಗಿತೋ, "ನೋಡಿ ಮಿಸ್, ನಾವು ಹೇಳಲಿಲ್ವಾ!" ಅಂತ ಕುಣಿಯುತ್ತಾರೆ. ಆಗ ಬಲ್ಬುಗಳನ್ನು ಅದಲುಬದಲು ಮಾಡಿಸುತ್ತೇನೆ. ಹೊಳಪು ಬಲ್ಬಿನ ಜೊತೆಗೇ ಹೋಗುತ್ತದೆ. ತರಗತಿ ಗೊಂದಲಕ್ಕೆ ಬೀಳುತ್ತದೆ. ಪರದೆ ಬೇಕಾಗುವುದು ಈಗ.

ನಾನು ಬಳಸುವುದು ಫೆಟ್ (PhET) ಅನ್ನುವ, ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಪ್ರಯೋಗಗಳನ್ನು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು. ಉಚಿತ. ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ತಂದು ಸರ್ಕ್ಯೂಟ್ ಕಟ್ಟಬಹುದು. 9 ವೋಲ್ಟ್ ಬ್ಯಾಟರಿ, 10 ಓಮ್‌ನ ಎರಡು ಬಲ್ಬು. ಇಲ್ಲಿ ಬಲ್ಬುಗಳು ಅಚ್ಚು ಒಂದೇ ತರಹ.

ಜೋಡಿಸಿ ಅಲ್ಲಿಗೇ ನಿಲ್ಲಿಸುತ್ತೇನೆ, ಸ್ವಿಚ್ ಹಾಕುವುದಿಲ್ಲ. ಬ್ಯಾಟರಿ ಪಕ್ಕ, ಬಲ್ಬುಗಳ ನಡುವೆ, ಕೊನೆಯಲ್ಲಿ, ಮೂರು ಕಡೆ ಕರೆಂಟ್ ಅಳೆಯುವ ಅಮ್ಮೀಟರ್ ಎಷ್ಟು ತೋರಿಸುತ್ತದೆ? "ಪೆನ್ನಲ್ಲಿ ಬರೀರಿ" ಅನ್ನುತ್ತೇನೆ. ಪೆನ್ಸಿಲ್ ಆದರೆ ಉತ್ತರ ಕಂಡ ಕೂಡಲೇ ಅಳಿಸಿ ತಿದ್ದಿಬಿಡುತ್ತಾರೆ. ಪಕ್ಕದವರ ಜೊತೆ ವಾದ ಮಾಡಲು ಬಿಡುತ್ತೇನೆ. ಸದ್ದು ಜಾಸ್ತಿಯಾಗುತ್ತದೆ, ಆಗಲಿ.

ಆಮೇಲೆ ಸ್ವಿಚ್. ಮೂರೂ ಕಡೆ 0.45 ಆಂಪಿಯರ್. ಎಲೆಕ್ಟ್ರಾನುಗಳು ಎಲ್ಲ ಕಡೆ ಒಂದೇ ವೇಗದಲ್ಲಿ ಸಾಗುವುದು ಕಣ್ಣೆದುರೇ ಕಾಣುತ್ತದೆ. "ಹಾಗಾದ್ರೆ ಬಲ್ಬು ತಿಂದಿದ್ದೇನು ಮಿಸ್?" ಅಂತ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಎಂಥ ಪ್ರಶ್ನೆ! ವೋಲ್ಟ್‌ಮೀಟರ್ ಇಟ್ಟು ನೋಡಿದೆವು, ಒಂದೊಂದು ಬಲ್ಬಿಗೆ 4.5 ವೋಲ್ಟ್. ಬಲ್ಬು ತೆಗೆದುಕೊಳ್ಳುವುದು ಶಕ್ತಿಯನ್ನು, ಕರೆಂಟನ್ನಲ್ಲ ಅನ್ನುವುದು ಅವಳ ಬಾಯಿಂದಲೇ ಬಂತು.

ಇದೇ ವಿಷಯದ ವಿಡಿಯೋ ಸುಮ್ನೆ ಹಾಕಿದರೆ ಮಕ್ಕಳು ತಲೆಯಾಡಿಸಿ ನೋಡುತ್ತಾರೆ, ಆದರೆ ಹಳೆಯ ಲೆಕ್ಕ ತಲೆಯಲ್ಲಿ ಹಾಗೇ ಇರುತ್ತದೆ. ತಮ್ಮ ಊಹೆ ಬರೆದಿಟ್ಟವರಿಗೆ ಮಾತ್ರ ಉತ್ತರ ಎಲ್ಲಿ ಬೇರೆಯಾಯಿತು ಅಂತ ಗೊತ್ತಾಗುತ್ತದೆ.

ಇನ್ನು ಮನೆಯ ವಿಚಾರ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಪಾಠ ತೆರೆಯುತ್ತದೆ, ಒಳ್ಳೆಯದೇ. ಆದರೆ ನಮ್ಮ ಎಷ್ಟೋ ಮಕ್ಕಳ ಮನೆಯಲ್ಲಿ ಇರುವ ಒಂದೇ ಫೋನು ಅಪ್ಪನ ಜೊತೆ ಆಟೋದಲ್ಲಿ ಊರು ಸುತ್ತಿ ರಾತ್ರಿ ಮನೆಗೆ ಬರುತ್ತದೆ. ಹಾಗಾಗಿ ಫೋನ್ ಬೇಕಾಗುವ ಹೋಂವರ್ಕನ್ನು ನಾನು ಮರುದಿನಕ್ಕೇ ಕೇಳುವುದಿಲ್ಲ, ವಾರ ಕೊಡುತ್ತೇನೆ. ಫೋನೇ ಇಲ್ಲದವರು ಊಟದ ಬಿಡುವಿನಲ್ಲಿ ಶಾಲೆಯ ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ. ಫೆಟ್ ಪ್ರಯೋಗಗಳನ್ನು ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟುಕೊಳ್ಳಿ, ಪಕ್ಕದ ಶಾಲೆಯವರಿಗೂ ಕೊಡಿ.