ಯೂನಿಫಾರ್ಮ್ ಕಳಚಿ ಪ್ರೆಸ್ ನೋಟ್ ಬರೆಯಲು ಹೊರಟವರಿಗೆ

ಸೇನೆ ಬಿಟ್ಟು ಕಾರ್ಪೊರೇಟ್ ಕಮ್ಯುನಿಕೇಷನ್ ಕೆಲಸಕ್ಕೆ, ಅಂದರೆ ಕಂಪನಿಯ ಪರವಾಗಿ ಪತ್ರಕರ್ತರಿಗೂ ನೌಕರರಿಗೂ ವಿಷಯ ಮುಟ್ಟಿಸುವ ಕೆಲಸಕ್ಕೆ, ಬರಬೇಕು ಅಂದುಕೊಂಡವರು ಆಗಾಗ ನನಗೆ ರೆಸ್ಯೂಮೆ ಕಳಿಸುತ್ತಾರೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಮೊದಲು ನಾಯಕತ್ವ, ಆಮೇಲೆ ಶಿಸ್ತು, ಆಮೇಲೆ ಒತ್ತಡದಲ್ಲೂ ತಣ್ಣಗೆ ಕೆಲಸ ಮಾಡುವ ಗುಣ. ಸುಳ್ಳೇನಲ್ಲ. ಆದರೆ ಕೆಲಸ ಕೊಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಶಿಸ್ತು ಇದೆ, ಒಪ್ಪಿದೆ. ನಾಳೆ ಬೆಳಿಗ್ಗೆ ಕಂಪನಿ ಒಂದಿಷ್ಟು ಜನರನ್ನು ಕೆಲಸದಿಂದ ತೆಗೆಯುತ್ತದೆ ಅಂದರೆ, ಆ ಪತ್ರವನ್ನು ನೀವು ಬರೆಯಬಲ್ಲಿರಾ? ಅವರಿಗೆ ಬೇಕಾಗಿರುವುದು ಆ ಉತ್ತರ.

ನಾನೂ ಅದೇ ದಾರಿಯಲ್ಲಿ ಬಂದವನು. ಸೇನೆಯಿಂದ ಹೊತ್ತು ತಂದದ್ದರಲ್ಲಿ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಯಾವುದು ಅಂತ ಕೇಳಿದರೆ, ಯಾರೂ ರೆಸ್ಯೂಮೆಯಲ್ಲಿ ಬರೆಯದ ಒಂದು ಸಣ್ಣ ಅಭ್ಯಾಸ. ವರದಿ ಕೊಡುವ ಅಭ್ಯಾಸ. ಸಿಟ್‌ರೆಪ್, ಅಂದರೆ ಪರಿಸ್ಥಿತಿಯ ವರದಿ, ಬರೆದವರಿಗೆ ಗೊತ್ತು: ಏನಾಗಿದೆ, ಏನು ಇನ್ನೂ ಗೊತ್ತಿಲ್ಲ, ಈಗ ಏನು ಮಾಡುತ್ತಿದ್ದೇವೆ, ಮುಂದಿನ ವರದಿ ಎಷ್ಟು ಗಂಟೆಗೆ. ಪೂರ್ತಿ ಚಿತ್ರ ಸಿಗುವ ತನಕ ಕಾಯುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗೂ ಇಲ್ಲ. ಕಂಪನಿಗಳಲ್ಲಿ ಅನಾಹುತವಾದ ಮೊದಲ ಗಂಟೆಯಲ್ಲಿ ಹೊರಡಿಸುವ ಹೇಳಿಕೆ ಇದೆಯಲ್ಲ, ಹೋಲ್ಡಿಂಗ್ ಸ್ಟೇಟ್‌ಮೆಂಟ್ ಅಂತಾರೆ, ಅದರ ಮೈಕಟ್ಟೂ ಇದೇ.

ನಾನಿದ್ದ ಒಂದು ಕಂಪನಿಯ ಗೋದಾಮಿಗೆ ಒಂದು ರಾತ್ರಿ ಬೆಂಕಿ ಬಿತ್ತು. ಫೋನಿನ ಮೇಲೆ ಫೋನು. ಮೊದಲ ಕರಡು ಹೀಗೆ ಶುರುವಾಗಿತ್ತು: 'ಸುರಕ್ಷತೆಗೆ ಸದಾ ಅತ್ಯುನ್ನತ ಆದ್ಯತೆ ನೀಡುತ್ತಾ ಬಂದಿರುವ ನಮ್ಮ ಸಂಸ್ಥೆ...' ಗೋದಾಮು ಉರಿಯುತ್ತಿರುವಾಗ ಇದನ್ನು ಓದಿದವರು ನಗುತ್ತಾರೆ, ಇಲ್ಲ ಬೈಯುತ್ತಾರೆ. ಅದನ್ನು ಹೊಡೆದುಹಾಕಿ ಎಷ್ಟು ಗಂಟೆಗೆ, ಎಲ್ಲಿ, ಏನಾಯಿತು ಅಂತ ಬರೆದೆವು. ಮುಂದಿನ ಸಾಲು, 'ಒಳಗಿದ್ದ ಎಲ್ಲರೂ ಸುರಕ್ಷಿತವಾಗಿ ಹೊರಬಂದಿದ್ದಾರೆ.' ಎಣಿಸಿದವರು ಯಾರು ಅಂತ ಕೇಳಿದೆ. ಪಾಳಿ ಮೇಲ್ವಿಚಾರಕರು. ಹೇಗೆ ಎಣಿಸಿದರು? ಹಾಜರಿ ಪುಸ್ತಕ ನೋಡಿಕೊಂಡು. ಲೋಡಿಂಗ್ ಮಾಡುವ ಕಾಂಟ್ರಾಕ್ಟ್ ಹುಡುಗರ ಹೆಸರು ಆ ಪುಸ್ತಕದಲ್ಲಿ ಇರುತ್ತದಾ? ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಇರುವುದಿಲ್ಲ, ಸರ್.

ಆ ಸಾಲು ಹೋಯಿತು. ಅದರ ಜಾಗದಲ್ಲಿ ಬಂದದ್ದು: 'ಒಳಗಿದ್ದವರ ಲೆಕ್ಕ ಪರಿಶೀಲಿಸುತ್ತಿದ್ದೇವೆ. ಬೆಂಕಿಗೆ ಕಾರಣ ಇನ್ನೂ ಗೊತ್ತಾಗಿಲ್ಲ. ಮುಂದಿನ ಮಾಹಿತಿ 11.30ಕ್ಕೆ.' 11.30ಕ್ಕೆ ಹೊಸದೇನೂ ಇರಲಿಲ್ಲ, ಆದರೂ ಕೊಟ್ಟೆವು, ಹೊಸದೇನೂ ಇಲ್ಲ ಅಂತಲೇ. ಸ್ವಲ್ಪ ಹೊತ್ತಿಗೆ ಆ ಹುಡುಗರೆಲ್ಲ ಸಿಕ್ಕರು, ಗೇಟಿನ ಹೊರಗೆ ಲಾರಿ ಪಕ್ಕ ನಿಂತಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಕಣ್ಣಾರೆ ಕಂಡದ್ದಾ, ಯಾರೋ ಹೇಳಿದ್ದಾ ಅಂತ ಕೇಳುವುದು ಸೈನಿಕರಿಗೆ ಚಟ ಆಗಿಬಿಟ್ಟಿರುತ್ತದೆ. ಇಲ್ಲಿ ಆ ಚಟಕ್ಕೆ ಸಂಬಳ ಸಿಗುತ್ತದೆ.

ಸೇನೆಗೂ ಈ ವೃತ್ತಿಗೂ ನಂಟು ಹಳೆಯದು. ಹೆರಾಲ್ಡ್ ಬರ್ಸನ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆಯಲ್ಲಿದ್ದವರು. ಯುದ್ಧ ಮುಗಿದ ಮೇಲೆ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯನ್ನು ಸೇನೆಯ ರೇಡಿಯೊಗೆ ವರದಿ ಮಾಡಿದರು. ಅಂದರೆ ಕೋರ್ಟಿನ ಆ ಗೋಜಲನ್ನೆಲ್ಲ ಸಾಮಾನ್ಯ ಸೈನಿಕನಿಗೆ ತಿಳಿಯುವ ಹಾಗೆ ಹೇಳುವ ಕೆಲಸ. ಅಲ್ಲಿಂದ ಬಂದು 1946ರಲ್ಲಿ ಸಣ್ಣದಾಗಿ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಕಚೇರಿ ತೆರೆದರು, 1953ರಲ್ಲಿ ಬಿಲ್ ಮಾರ್ಸ್ಟೆಲರ್ ಜತೆ ಸೇರಿ ಬರ್ಸನ್-ಮಾರ್ಸ್ಟೆಲರ್ ಏಜೆನ್ಸಿ ಕಟ್ಟಿದರು. 1982ರಲ್ಲಿ ಶಿಕಾಗೊ ಸುತ್ತಮುತ್ತ ಟೈಲೆನಾಲ್ ಅನ್ನುವ ನೋವುನಿವಾರಕ ಕ್ಯಾಪ್ಸೂಲಿಗೆ ಯಾರೋ ಸೈನೈಡ್ ಬೆರೆಸಿ 7 ಜನ ಸತ್ತರು. ಆಗ ಅದರ ತಯಾರಕ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ಜತೆ ನಿಂತಿದ್ದು ಈ ಏಜೆನ್ಸಿಯೇ. ಕಂಪನಿ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು. ಇದನ್ನು ಎಲ್ಲ ಕೋರ್ಸುಗಳಲ್ಲೂ ಪಾಠ ಮಾಡುತ್ತಾರೆ. ನನ್ನ ಪ್ರಕಾರ ಅಲ್ಲಿ ಗಮನಿಸಬೇಕಾದ್ದು ಬಾಟಲಿ ವಾಪಸ್ ತರಿಸುವ ತೀರ್ಮಾನ, ಹೇಳಿಕೆಗಳ ಮಾತು ಆಮೇಲೆ. ಕಂಪನಿ ಸುಮ್ನೆ ಕೂತಿದ್ದರೆ ಎಂಥ ಬರವಣಿಗೆಯೂ ಅದನ್ನು ಕಾಪಾಡುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧ 2010ರ ಬ್ರಿಟನ್ನಿನ ತೈಲ ಕಂಪನಿ ಬಿಪಿಯ ಕತೆ. ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಅನ್ನುವ, ಸಮುದ್ರದಲ್ಲಿ ಎಣ್ಣೆಬಾವಿ ಕೊರೆಯುವ ರಿಗ್ ಸ್ಫೋಟದಲ್ಲಿ 11 ಕೆಲಸಗಾರರು ಸತ್ತಿದ್ದರು, ಎಣ್ಣೆ ಇನ್ನೂ ಸಮುದ್ರಕ್ಕೆ ಸುರಿಯುತ್ತಿತ್ತು. ಮೇ ಕೊನೆಯಲ್ಲಿ ಮುಖ್ಯಸ್ಥ ಟೋನಿ ಹೇವರ್ಡ್ ಕ್ಯಾಮೆರಾ ಮುಂದೆ, ತನಗೆ ತನ್ನ ಬದುಕು ವಾಪಸ್ ಬೇಕು ಅಂದುಬಿಟ್ಟರು. ಅದಕ್ಕೆ ಮುಂಚೆ ಕ್ಷಮೆಯನ್ನೂ ಕೇಳಿದ್ದರು, ಅದು ಯಾರಿಗೂ ನೆನಪಿಲ್ಲ. ಮೈಕ್ ಮುಂದೆ ನಿಲ್ಲುವವರನ್ನು ಮೊದಲೇ ಕೂರಿಸಿ, ಅತಿ ಒರಟು ಪ್ರಶ್ನೆಗಳನ್ನು ನಾವೇ ಕೇಳಿ ಕೇಳಿ ಸಿದ್ಧ ಮಾಡುವುದೂ ನಮ್ಮ ಕೆಲಸವೇ. ತನಗಿಂತ ದೊಡ್ಡ ಹುದ್ದೆಯವರಿಗೆ 'ಇದನ್ನು ಹೇಳಬೇಡಿ ಸರ್' ಅನ್ನುವ ಎದೆಗಾರಿಕೆ ಬೇಕು. ಸೇನೆಯಿಂದ ಬಂದವರಲ್ಲಿ ಕೆಲವರಿಗೆ ಇದು ಸಲೀಸು, ಕೆಲವರಿಗೆ ಪ್ರಾಣಸಂಕಟ. ಯಾವ ಕಮಾಂಡರ್ ಕೆಳಗೆ ಬೆಳೆದಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಇನ್ನು ಬದಲಾಗಲೇಬೇಕಾದ ಸಂಗತಿ. ಸೇನೆಯಲ್ಲಿ ನೀವು ಬರೆದದ್ದನ್ನು ಓದುವುದು ಓದುವವರ ಕರ್ತವ್ಯ. ಇಲ್ಲಿ ಯಾರಿಗೂ ಆ ಹಂಗಿಲ್ಲ. ಪತ್ರಕರ್ತರು ಮೇಲ್‌ನ ಮೊದಲ ಸಾಲು ನೋಡಿ ಮುಂದೆ ಹೋಗುತ್ತಾರೆ, ಕಂಪನಿಯ ನೌಕರರು ಅಷ್ಟೂ ನೋಡುವುದಿಲ್ಲ. ತಿರುಳು ಮೊದಲ ಸಾಲಿನಲ್ಲೇ ಇರಬೇಕು ಅಂತ ಅಮೆರಿಕದ ಸೇನೆ ತನ್ನ ಪತ್ರವ್ಯವಹಾರದ ನಿಯಮಗಳಲ್ಲೇ ಬರೆದಿಟ್ಟಿದೆ. ಆ ಪಾಠ ಇಲ್ಲೂ ನಡೆಯುತ್ತದೆ, ಆದರೆ ಅರ್ಧದಷ್ಟು ಮಾತ್ರ. ಆರ್ಡರ್‌ನಲ್ಲಿ 'ಸೋಮವಾರದಿಂದ ಹೀಗೆ ಮಾಡಿ' ಅಂದರೆ ಮುಗಿಯಿತು. ಇಲ್ಲಿ 'ಯಾಕೆ?' ಮತ್ತು 'ನನಗೇನಾಗುತ್ತದೆ?' ಎರಡಕ್ಕೂ ಅದೇ ಪುಟದಲ್ಲಿ ಉತ್ತರ ಇರಬೇಕು. ಇಲ್ಲದಿದ್ದರೆ ಕ್ಯಾಂಟೀನಿನಲ್ಲಿ ಆ ಉತ್ತರವನ್ನು ಬೇರೆ ಯಾರೋ ಕೊಡುತ್ತಾರೆ.

ಗುಟ್ಟಿನ ವಿಷಯವೂ ಹೀಗೆಯೇ. ಅಗತ್ಯ ಇದ್ದವರಿಗೆ ಮಾತ್ರ ಹೇಳು ಅನ್ನುವುದು ನಮಗೆ ರಕ್ತದಲ್ಲೇ ಇರುತ್ತದೆ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಇದರಿಂದ ಲಾಭವಿದೆ, ಯಾಕೆಂದರೆ ಷೇರು ಬೆಲೆ ಮೇಲೆ ಪರಿಣಾಮ ಬೀರುವ ಸುದ್ದಿಯನ್ನು ಒಬ್ಬ ಪತ್ರಕರ್ತನ ಕಿವಿಗೆ ಮೊದಲು ಹಾಕಿದರೆ ಕಾನೂನಿನ ತೊಂದರೆ. ಆದರೆ ಪ್ರತಿಯೊಂದಕ್ಕೂ 'ಪ್ರತಿಕ್ರಿಯೆ ಇಲ್ಲ' ಅಂದರೆ ತಪ್ಪಿತಸ್ಥರ ಹಾಗೆ ಕಾಣುತ್ತೇವೆ. ಹೇಳಲು ಆಗದಿದ್ದರೆ ಯಾಕೆ ಆಗುವುದಿಲ್ಲ ಅಂತ ಹೇಳಿ, ಸಾಕು. ಆಫ್ ದಿ ರೆಕಾರ್ಡ್ ಅನ್ನುವುದು ಮಾತಿಗೆ ಮುಂಚೆ ಇಬ್ಬರೂ ಒಪ್ಪಿದರೆ ಮಾತ್ರ. ಎಲ್ಲ ಹೇಳಿ ಮುಗಿಸಿದ ಮೇಲೆ 'ಇದು ಬರೆಯಬೇಡಿ' ಅಂದರೆ ಕೇಳಲೇಬೇಕು ಅಂತ ಅವರಿಗೇನಿಲ್ಲ.

ಸಹಿ ಪಡೆಯುವುದು ಒಂದು ದೊಡ್ಡ ರಗಳೆ. ಅಲ್ಲಿ ಒಬ್ಬ ಕಮಾಂಡರ್ ಹೂಂ ಅಂದರೆ ಆಯಿತು. ಇಲ್ಲಿ ಲೀಗಲ್, ಎಚ್‌ಆರ್, ಫೈನಾನ್ಸ್, ಆ ವಿಭಾಗದ ಮುಖ್ಯಸ್ಥರು, ಎಲ್ಲರೂ ಒಂದೊಂದು ವಿಶೇಷಣ ಸೇರಿಸುತ್ತಾರೆ. ಬಿಕ್ಕಟ್ಟಿಲ್ಲದ ದಿನಗಳಲ್ಲೇ, ಅವಘಡವಾದರೆ ಯಾರ ಒಪ್ಪಿಗೆ ಸಾಕು ಅಂತ ಬರೆಸಿಕೊಂಡು ಇಟ್ಟುಕೊಳ್ಳಿ. ಲೀಗಲ್‌ನವರ ಜತೆ ಜಗಳ ಆಡಬೇಡಿ. ಅವರೂ ಪುರಾವೆ ಕೇಳುವವರೇ, ನಮ್ಮ ಜಾತಿಯವರು.

ಪೋರ್ಟ್‌ಫೋಲಿಯೊ ಏನು ತೋರಿಸುವುದು? ಸೇನೆಯಲ್ಲಿ ಬರೆದದ್ದನ್ನು ಹೊರಗೆ ತರುವ ಹಾಗಿಲ್ಲ, ತರಲೂಬೇಡಿ. ಪತ್ರಿಕೆಯಲ್ಲಿ ಬಂದ ಯಾವುದಾದರೂ ಕಂಪನಿಯ ಅವಘಡ ಹಿಡಿದು, ಮೊದಲ ಗಂಟೆಯ ಹೇಳಿಕೆ, ನೌಕರರಿಗೆ ಒಂದು ಪತ್ರ, ಪತ್ರಕರ್ತರು ಕೇಳಬಹುದಾದ ಅತಿ ಕಷ್ಟದ ಪ್ರಶ್ನೆಗಳಿಗೆ ಉತ್ತರ, ಇಷ್ಟನ್ನು ನೀವೇ ಬರೆದು ತೋರಿಸಿ. ಅಭ್ಯಾಸಕ್ಕೆ ಬರೆದದ್ದು ಅಂತ ಮೇಲೆ ಸ್ಪಷ್ಟವಾಗಿ ಹಾಕಿ. ರೆಸ್ಯೂಮೆಯಲ್ಲಿ ಯೂನಿಟ್ ಹೆಸರು, ಸಂಕ್ಷಿಪ್ತಾಕ್ಷರ ಬೇಡ. ಎಷ್ಟು ಜನರಿಗೆ, ಯಾವ ವಿಷಯ, ಎಷ್ಟು ಸಮಯದಲ್ಲಿ ಮುಟ್ಟಿಸಿದಿರಿ, ಅದರಿಂದ ಏನು ಬದಲಾಯಿತು, ಅದು ಇರಲಿ.

ಶುರುವಿಗೆ ಆಂತರಿಕ ಸಂವಹನದ ಕೆಲಸ ಸಿಕ್ಕರೆ ಮೂಗು ಮುರಿಯಬೇಡಿ. ನ್ಯೂಸ್‌ಲೆಟರ್, ಟೌನ್‌ಹಾಲ್ ಅನ್ನುವ ಎಲ್ಲ ನೌಕರರ ಸಭೆ, ಮುಖ್ಯಸ್ಥರ ಪತ್ರ, ಹೊರಗಿನವರಿಗೆ ಬೋರ್ ಅನ್ನಿಸಬಹುದು, ಆದರೆ ಕಂಪನಿ ಹೇಗೆ ದುಡ್ಡು ಮಾಡುತ್ತದೆ ಅಂತ ತಿಳಿಯುವುದು ಅಲ್ಲೇ. ರಕ್ಷಣಾ ಕಂಪನಿಗಳು ಬೇಗ ಬಾಗಿಲು ತೆರೆಯುತ್ತವೆ, ಹೋಗಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮನ್ನು ತೆಗೆದುಕೊಂಡದ್ದು ಬರವಣಿಗೆಗೋ, ಹಳೇ ಪರಿಚಯಗಳಿಗೋ ಅಂತ ಮೊದಲೇ ತಿಳಿದುಕೊಳ್ಳಿ. ಬಾಸ್ ವಯಸ್ಸಿನಲ್ಲಿ ಚಿಕ್ಕವರಿರುತ್ತಾರೆ. ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ.

ಇಂಟರ್‌ವ್ಯೂ ಕೊನೆಯಲ್ಲಿ ಏನಾದರೂ ಕೇಳುವುದಿದೆಯಾ ಅಂತಾರಲ್ವಾ, ಆಗ ಇದನ್ನು ಕೇಳಿ: ಏನಾದರೂ ಎಡವಟ್ಟಾದಾಗ ಕಮ್ಯುನಿಕೇಷನ್‌ನವರು ತೀರ್ಮಾನ ಆಗುವ ಕೋಣೆಯೊಳಗೆ ಇರುತ್ತಾರಾ, ಇಲ್ಲ ತೀರ್ಮಾನ ಆದ ಮೇಲೆ ಅವರನ್ನು ಕರೆಯುತ್ತೀರಾ? ಎರಡನೆಯದು ಅಂದರೆ, ಸಂಬಳ ಎಷ್ಟೇ ಜಾಸ್ತಿ ಇದ್ದರೂ ನಾನಂತೂ ಹೋಗುವುದಿಲ್ಲ.