ಹೇಳಿದ್ದು ನಿಜವಾಯ್ತಲ್ಲ, ಮತ್ತ್ಯಾಕೆ ನಂಬಲ್ಲ?

ಈ ಪ್ರಶ್ನೆಯನ್ನು ನನಗೆ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೇಳುತ್ತಾರೆ. ಚಿಂಚವಡ ಸ್ಟೇಷನ್ನಿನಲ್ಲಿ ಲೋಕಲ್ ಕಾಯುವಾಗ ಕೇಳುತ್ತಾರೆ. ಮದುವೆ ಊಟಕ್ಕೆ ಕೂತಾಗಲೂ ಕೇಳಿದ್ದಾರೆ. "ಆ ದೇವರ ಸೇವಕರು ಹೇಳಿದ್ದೆಲ್ಲ ನಿಜವಾಗ್ತಿದೆ. ಆದ್ರೂ ನೀವು ಅವರ ಕೂಟಕ್ಕೆ ಬರಲ್ಲ, ಹೋಗೋರನ್ನೂ ತಡೀತೀರಿ. ಯಾಕೆ?" ಪ್ರವಾದನೆ ಹೇಳಿ, ಪ್ರಾರ್ಥನೆಯಿಂದಲೇ ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವವರ ಸ್ವಸ್ಥತಾ ಕೂಟಗಳ ಬಗ್ಗೆ ಈ ಮಾತು. ಪುಣೆಯಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಕ್ರೈಸ್ತರು ಸ್ವಲ್ಪವೇ ಜನ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರ ಕಿವಿಗೆ ಬೀಳುವಾಗ ಬೇರೆಯೇ ಆಗಿರುತ್ತದೆ. ಅದಕ್ಕೇ ಒಂದು ಸಲ ಬರೆದು ಇಡುತ್ತಿದ್ದೇನೆ.

ಉತ್ತರ ಇಷ್ಟೇ. ಹೇಳಿದ್ದು ನಿಜವಾದರೆ ಸಾಕು ಅಂತ ಸತ್ಯವೇದ, ಅಂದರೆ ಬೈಬಲ್, ಎಲ್ಲೂ ಹೇಳಿಲ್ಲ.

ಪ್ರವಾದಿ ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ ಅಂತ ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿದೆ. ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಪುಸ್ತಕದ 13ನೇ ಅಧ್ಯಾಯವನ್ನು ಯಾರೂ ಓದುವುದಿಲ್ಲ. ಒಬ್ಬ ಪ್ರವಾದಿ ಒಂದು ಗುರುತನ್ನು ಮುಂಚೆಯೇ ಹೇಳಿ, ಅದು ಹೇಳಿದ ಹಾಗೇ ನಡೆದು, ಆಮೇಲೆ ಅವನು ನಿಮ್ಮನ್ನು ದೇವರಿಂದ ಬೇರೆ ಕಡೆಗೆ ಕರೆದರೆ, ಅವನ ಮಾತು ಕೇಳಬೇಡಿ ಅಂತ ಅಲ್ಲಿ ಬರೆದಿದೆ. ಗುರುತು ನಿಜವಾದ ಮೇಲೂ ಕೇಳಬೇಡಿ ಅಂತ. ಅವನು ಎತ್ತ ಕರೆದುಕೊಂಡು ಹೋಗುತ್ತಿದ್ದಾನೆ ಅನ್ನುವುದನ್ನು ನೋಡಬೇಕು.

ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ಫಿಲಿಪ್ಪಿ ಪಟ್ಟಣದಲ್ಲಿ ಕಣಿ ಹೇಳುವ ದೆವ್ವ ಹಿಡಿದಿದ್ದ ಒಬ್ಬ ದಾಸಿ ಹುಡುಗಿ ಇದ್ದಳು. ಅವಳ ಕಣಿಯಿಂದ ಅವಳ ಯಜಮಾನರಿಗೆ ಚೆನ್ನಾಗಿ ದುಡ್ಡು ಬರುತ್ತಿತ್ತು. ಅವಳು ಊರೂರಿಗೆ ಹೋಗಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲ ಮತ್ತು ಅವನ ಜೊತೆಗಾರರ ಹಿಂದೆ ಹಿಂದೆ ಬಂದು, ಇವರು ಪರಾತ್ಪರನಾದ ದೇವರ ದಾಸರು, ನಿಮಗೆ ರಕ್ಷಣೆಯ ದಾರಿ ಹೇಳುತ್ತಾರೆ ಅಂತ ಕೂಗುತ್ತಿದ್ದಳು. ಹೀಗೇ ಬಹಳ ದಿನ ನಡೆಯಿತು. ಅದರಲ್ಲಿ ಒಂದಾದರೂ ಸುಳ್ಳು ಮಾತಿದೆಯಾ? ಪೌಲ ಅದನ್ನು ಪ್ರಚಾರಕ್ಕೆ ಬಳಸಿಕೊಳ್ಳಬಹುದಿತ್ತು. ಅವನು ಬೇಸರಗೊಂಡು ತಿರುಗಿ ನಿಂತು ಯೇಸುವಿನ ಹೆಸರಿನಲ್ಲಿ ಆ ದೆವ್ವವನ್ನು ಬಿಡಿಸಿದ. ಯಜಮಾನರು ಹುಡುಗಿ ಗುಣವಾದಳು ಅಂತ ಸಂತೋಷಪಡಲಿಲ್ಲ. ಸಂಪಾದನೆ ಹೋಯಿತು ಅಂತ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಚಾವಡಿಗೆ ಎಳೆದರು. ಅವರಿಬ್ಬರಿಗೆ ಹೊಡೆಸಿ ಜೈಲಿಗೆ ಹಾಕಿಸಿದರು. ಮಾತು ನಿಜವಿದ್ದರೂ ಅದು ಬಂದ ಮೂಲ ಕೆಟ್ಟದ್ದಿರಬಹುದು, ಅದರ ಹಿಂದೆ ಯಾರದೋ ಗಲ್ಲಾಪೆಟ್ಟಿಗೆ ಇರಬಹುದು. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು?

ಇಷ್ಟು ಹೇಳಿದರೆ ಮುಂದಿನ ಮಾತು ತಯಾರಾಗಿಯೇ ಇರುತ್ತದೆ: "ಅಭಿಷಿಕ್ತರನ್ನು ಮುಟ್ಟಬಾರದು." ಅಂದರೆ ದೇವರು ಆರಿಸಿಕೊಂಡ ಸೇವಕರನ್ನು ಪ್ರಶ್ನೆ ಮಾಡಬಾರದು ಅಂತ. ಈ ಮಾತು ಕೇಳಿದಾಗ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಆ ಮಾತು ಇರುವ 105ನೇ ಕೀರ್ತನೆ ತೆಗೆದು, ಆ ಮಾತಿನ ಹಿಂದಿನ ವಚನಗಳನ್ನೂ ಓದಿ. ಅಬ್ರಹಾಮ, ಇಸಾಕ, ಯಾಕೋಬ ಕೈಬೆರಳಲ್ಲಿ ಎಣಿಸುವಷ್ಟು ಜನರ ಜೊತೆ ಪರದೇಶದಲ್ಲಿ ಅಲೆಯುತ್ತಿದ್ದಾಗ, ಅವರಿಗೆ ಕೇಡು ಮಾಡಬೇಡಿ ಅಂತ ದೇವರು ರಾಜರಿಗೆ ಹೇಳಿದ ಮಾತು ಅದು. ಗತಿಯಿಲ್ಲದವರನ್ನು ಕಾಪಾಡಲು ಹೇಳಿದ ಮಾತನ್ನು, ಮೈಕ್ ಹಿಡಿದವರನ್ನು ಯಾರೂ ಪ್ರಶ್ನೆ ಮಾಡದ ಹಾಗೆ ಕಾಪಾಡಲು ಬಳಸುತ್ತಿದ್ದಾರೆ. ಬೆರೋಯ ಪಟ್ಟಣದ ಜನ ಪೌಲ ಹೇಳಿದ್ದನ್ನೇ ದಿನಾ ಶಾಸ್ತ್ರ ತೆಗೆದು ಹೋಲಿಸಿ ನೋಡಿದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರನೇ ತಪ್ಪಿದಾಗ ಪೌಲ ಎಲ್ಲರ ಎದುರಿಗೇ ಕೇಳಿದ. ಪೇತ್ರನನ್ನು ಕೇಳಬಹುದಾದರೆ ಹಾಲ್ ಬಾಡಿಗೆ ಹಿಡಿದು ಬಂದವರನ್ನು ಕೇಳಬಾರದಾ?

ಈಗ ಅತ್ತಿಗೆಯ ವಿಷಯ. ನಮ್ಮಣ್ಣ ತೀರಿಹೋದ ಮೇಲೆ ಅತ್ತಿಗೆ ಗದಗ ಬಿಟ್ಟು ಇಲ್ಲಿ ಥೇರಗಾಂವದಲ್ಲಿ ಮಗನ ಜೊತೆ ಇದ್ದಾರೆ. ಮಗನಿಗೆ ಚಾಕಣದ ಕಂಪನಿಯಲ್ಲಿ ಶಿಫ್ಟ್ ಕೆಲಸ. ಅತ್ತಿಗೆಗೆ ಸಕ್ಕರೆ ಕಾಯಿಲೆ ಹಳೆಯದು, ದಿನಾ ಇನ್ಸುಲಿನ್ ಬೇಕು. ಪಕ್ಕದ ಮನೆಯವರು ಕರೆದರು ಅಂತ ಒಂದು ಸ್ವಸ್ಥತಾ ಕೂಟಕ್ಕೆ ಹೋದರು. ಅವರನ್ನು ಬಿಡಲು ನಾನೂ ಹೋಗಿದ್ದೆ. ಬಾಗಿಲಲ್ಲೇ ಟೇಬಲ್ ಹಾಕಿದ್ದರು. ಹೆಸರು, ಫೋನ್ ನಂಬರ್, ಮನೆಯಲ್ಲಿ ಯಾರ್ಯಾರಿದ್ದಾರೆ, ಏನು ಕಾಯಿಲೆ, ಪ್ರಾರ್ಥನೆಯ ಕೋರಿಕೆ ಏನು, ಎಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡರು. ಅತ್ತಿಗೆಗೆ ಮರಾಠಿ ಬರೆಯಲು ಬರುವುದಿಲ್ಲ. ಚೀಟಿ ತುಂಬಿದ್ದು ನಾನೇ. ಎರಡು ಗಂಟೆ ಹಾಡು, ಪ್ರಸಂಗ ಆದ ಮೇಲೆ ವೇದಿಕೆಯಿಂದ ಅತ್ತಿಗೆಯ ಹೆಸರು ಬಂತು, ಮಗನ ಹೆಸರು ಬಂತು, ಕಾಯಿಲೆ ಬಂತು. "ಕರ್ತನು ನನಗೆ ತೋರಿಸುತ್ತಿದ್ದಾನೆ" ಅಂದರು. ಅತ್ತಿಗೆ ಅಳುತ್ತಾ ಎದ್ದು ಹೋದರು. ತಲೆ ಮೇಲೆ ಕೈಯಿಟ್ಟು, ಇವತ್ತಿನಿಂದ ನಿನಗೆ ಸೂಜಿ ಬೇಕಿಲ್ಲ, ಸೂಜಿ ಹಿಡಿದರೆ ಅದು ಅಪನಂಬಿಕೆ ಅಂದರು.

ನಿಜವಾದದ್ದು ಇದೇ. ಹೆಸರು ನಿಜ, ಮಗನ ಹೆಸರು ನಿಜ, ಕಾಯಿಲೆ ನಿಜ. ನಾನು ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದೂ ಅಷ್ಟೇ.

"ದೇವ್ರು ಹೇಳ್ಯಾನ ತಮ್ಮಾ, ಇನ್ನ ಸೂಜಿ ಬ್ಯಾಡ" ಅಂದರು ಅತ್ತಿಗೆ. ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ವಾರದೊಳಗೆ ಆಸ್ಪತ್ರೆಗೆ ಸೇರಿಸಬೇಕಾಯಿತು, ಐಸಿಯುನಲ್ಲಿ ಇಟ್ಟರು. ಜೀವ ಉಳಿಯಿತು. ಆ ಕೂಟದವರಿಗೆ ಫೋನ್ ಮಾಡಿ ಹೇಳಿದೆ. "ಅವರ ನಂಬಿಕೆ ಸಾಲಲಿಲ್ಲ, ಬ್ರದರ್" ಅಂತ ಉತ್ತರ ಬಂತು.

ಇದನ್ನು ಕ್ಷಮಿಸುವುದು ನನಗೆ ಕಷ್ಟ. ತನ್ನ ಪ್ರವಾದನೆ ಬಿದ್ದುಹೋದಾಗ ಆ ಭಾರವನ್ನು ಮಂಚದ ಮೇಲೆ ಮಲಗಿರುವ ವಿಧವೆಯ ತಲೆಗೆ ಹೊರಿಸುವುದು ಯಾವ ಸುವಾರ್ತೆ? ಮಾರ್ಕನ ಸುವಾರ್ತೆಯಲ್ಲಿ ಒಬ್ಬ ತಂದೆ ಬಂದು, ನಂಬುತ್ತೇನೆ, ನನಗೆ ನಂಬಿಕೆ ಕಡಿಮೆ ಇದ್ದರೂ ಸಹಾಯ ಮಾಡು ಅಂತ ಕೂಗಿಕೊಂಡ. ಯೇಸು ಅವನ ನಂಬಿಕೆಯನ್ನು ತೂಕ ಹಾಕುತ್ತಾ ಕೂರಲಿಲ್ಲ. ಅವನ ಮಗನನ್ನು ಗುಣಪಡಿಸಿದನು.

ಔಷಧಿ ತೆಗೆದುಕೊಂಡರೆ ಅಪನಂಬಿಕೆ ಅನ್ನುವವರು ಅರಸುಗಳು ಎರಡನೆಯ ಪುಸ್ತಕದ 20ನೇ ಅಧ್ಯಾಯ ಓದಲಿ. ರಾಜ ಹಿಜ್ಕೀಯನಿಗೆ ಸಾಯುವಂಥ ಕಾಯಿಲೆ. ನಿನ್ನನ್ನು ಗುಣಪಡಿಸುತ್ತೇನೆ, ಇನ್ನೂ 15 ವರ್ಷ ಕೊಡುತ್ತೇನೆ ಅಂತ ದೇವರೇ ಮಾತು ಕೊಟ್ಟನು. ಆ ಮಾತು ತಂದ ಪ್ರವಾದಿ ಯೆಶಾಯನೇ, ಅಂಜೂರದ ಹಣ್ಣಿನ ಉಂಡೆ ತನ್ನಿ ಅಂದ. ಅದನ್ನು ಹುಣ್ಣಿಗೆ ಕಟ್ಟಿದರು, ರಾಜ ಗುಣವಾದ. ದೇವರ ಮಾತು ಕೈಯಲ್ಲಿದ್ದೂ ಪ್ರವಾದಿ ಮದ್ದು ಕಟ್ಟಿಸಿದ. ಪೌಲನ ಜೊತೆಗಾರ ಲೂಕ ವೈದ್ಯ. ಇನ್ನೊಬ್ಬ ಜೊತೆಗಾರ ತ್ರೊಫಿಮನಿಗೆ ಹುಷಾರಿಲ್ಲ ಅಂತ ಪೌಲ ಅವನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟು ಬಂದ. ತ್ರೊಫಿಮನ ನಂಬಿಕೆ ಸಾಲಲಿಲ್ಲ ಅಂತ ಪೌಲ ಬರೆಯಲಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸೇನಾಪತಿ ನಾಮಾನನ ಕುಷ್ಠ ವಾಸಿಯಾದಾಗ ಪ್ರವಾದಿ ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಹಿಂದಿನಿಂದ ಓಡಿ ಹೋಗಿ ಇಸಿದುಕೊಂಡ ಅವನ ಸೇವಕ ಗೇಹಜಿಗೆ ಆ ಕುಷ್ಠವೇ ಬಂತು. ದಿದಾಖೆ ಅಂತ ಆದಿ ಸಭೆಯ ಕಾಲದ ಒಂದು ಚಿಕ್ಕ ಬೋಧನೆಯ ಪುಸ್ತಕವಿದೆ. ಕಳೆದೇಹೋಗಿದ್ದ ಅದರ ಪ್ರತಿ 1873ರಲ್ಲಿ ಸಿಕ್ಕಿತು. ಆತ್ಮಾವೇಶದಲ್ಲಿ ಯಾರಾದರೂ ನನಗೆ ದುಡ್ಡು ಕೊಡಿ ಅಂದರೆ ಅವನ ಮಾತು ಕೇಳಬೇಡಿ, ಬೇರೆ ಬಡವರಿಗೋಸ್ಕರ ಕೇಳಿದರೆ ಅವನನ್ನು ದೂಷಿಸಬೇಡಿ ಅಂತ ಅದರಲ್ಲಿದೆ. ಆ ಕೂಟದಲ್ಲಿ "ಬೀಜದ ಕಾಣಿಕೆ", ಅಂದರೆ ಬಿತ್ತಿದ ಬೀಜದ ಹಾಗೆ ಹೆಚ್ಚಾಗಿ ವಾಪಸ್ ಬರುತ್ತದೆ ಅಂತ ಕೇಳುವ ದುಡ್ಡು, ಅದಕ್ಕೆ ಕವರ್ ಹಂಚಿದ್ದು ಸ್ವಸ್ಥತೆಯ ಪ್ರಾರ್ಥನೆಗಿಂತ ಮುಂಚೆ.

ಪರೀಕ್ಷಿಸಿ ನೋಡುವುದು ಭಕ್ತಿ ಇಲ್ಲದವರ ಕೆಲಸ ಅನ್ನುವವರು ಪುಣೆಯಿಂದ ದೌಂಡ್ ಕಡೆ ಹೋಗುವ ರೈಲಿನಲ್ಲಿ ಕೇಡಗಾಂವಕ್ಕೆ ಹೋಗಿ ಬನ್ನಿ. ಪಂಡಿತಾ ರಮಾಬಾಯಿ ಗತಿಯಿಲ್ಲದ ಹೆಂಗಸರಿಗೋಸ್ಕರ ಕಟ್ಟಿದ ಮುಕ್ತಿ ಮಿಷನ್ ಅಲ್ಲಿದೆ. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಅಲ್ಲಿನ ದೊಡ್ಡವರು ಹೇಳಿದರು ಅನ್ನುವ ಕಾರಣಕ್ಕೆ ಎಲ್ಲವನ್ನೂ ಒಪ್ಪಿಕೊಳ್ಳಲಿಲ್ಲ. ಪತ್ರ ಬರೆದು ಬರೆದು ವಾದ ಮಾಡಿದರು. ಕೊನೆಗೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಸಾದಾ ಜನರ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಅವರಿಗೆ ಭಕ್ತಿ ಕಡಿಮೆ ಇತ್ತು ಅಂತ ಯಾರು ಹೇಳುತ್ತೀರಿ?

ಇಷ್ಟು ಜನ ಇಷ್ಟು ಸಲ ಕೇಳಿದ್ದಾರೆ, ಆದರೆ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಅತ್ತಿಗೆ ಅಲ್ಲಿಗೆ ಯಾಕೆ ಹೋದರು? ಅವರಿಗೆ ಸತ್ಯವೇದ ಗೊತ್ತಿಲ್ಲದೆ ಅಲ್ಲ. ಗದಗ-ಬೆಟಗೇರಿಯ ಸಂಡೇ ಸ್ಕೂಲಿನಲ್ಲಿ ಕಲಿತ ವಚನಗಳನ್ನು ಇವತ್ತೂ ಬಾಯಿಪಾಠ ಹೇಳುತ್ತಾರೆ. ಆದರೆ ಮಗ ನೈಟ್ ಶಿಫ್ಟಿಗೆ ಹೋದರೆ ಮನೆಯಲ್ಲಿ ಮಾತಾಡಲು ಜನ ಇಲ್ಲ. ನಮ್ಮ ಕನ್ನಡ ಸಭೆ ಬೇರೆಯವರ ಚರ್ಚಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ಸಮಯ ಪಡೆದು ಸೇರುತ್ತದೆ. ಆಮೆನ್ ಅಂದ ತಕ್ಷಣ ಎಲ್ಲರೂ ಬಸ್ಸಿಗೆ ಓಡುತ್ತಾರೆ. ಆ ಹಾಲಿನಲ್ಲಿ ಸಾವಿರ ಜನರ ನಡುವೆ ಅವರ ಹೆಸರು ಹಿಡಿದು ಕರೆದರು, ತಲೆ ಮೇಲೆ ಕೈಯಿಟ್ಟರು. ಅಣ್ಣ ಹೋದ ಮೇಲೆ ಈ ಊರಿನಲ್ಲಿ ಯಾರಾದರೂ ಹಾಗೆ ಮಾಡಿದ್ದು ಅದೇ ಮೊದಲು. ಸುಳ್ಳು ಬೋಧನೆಯ ಬಗ್ಗೆ ಎಷ್ಟು ಪ್ರಸಂಗ ಮಾಡಿದರೂ, ಒಬ್ಬಂಟಿ ಹೆಂಗಸಿನ ಮನೆ ಬಾಗಿಲು ಯಾರೂ ತಟ್ಟದಿದ್ದರೆ ಅವರು ತಟ್ಟಿದವರ ಹಿಂದೆ ಹೋಗುತ್ತಾರೆ.

ಈಗ ಗುರುವಾರ ಸಂಜೆ ಅತ್ತಿಗೆಯ ಮನೆಯಲ್ಲೇ ನಾಲ್ಕೈದು ಮನೆಯವರು ಸೇರುತ್ತೇವೆ. ಚಹಾ, ಅವಲಕ್ಕಿ, ಒಂದು ಅಧ್ಯಾಯ. ಹೋದ ವಾರ ಯೆರೆಮೀಯನ 28ನೇ ಅಧ್ಯಾಯ ಓದಿದೆವು. ಎರಡು ವರ್ಷದೊಳಗೆ ನಮ್ಮನ್ನು ಆಳುತ್ತಿರುವ ಬಾಬೆಲಿನ ರಾಜನ ನೊಗ ಮುರಿಯುತ್ತದೆ, ಹೋದದ್ದೆಲ್ಲ ವಾಪಸ್ ಬರುತ್ತದೆ ಅಂತ ಹನನ್ಯ ಅನ್ನುವ ಸುಳ್ಳು ಪ್ರವಾದಿ ದೇವಾಲಯದಲ್ಲಿ ಜನರ ಮುಂದೆ ಹೇಳಿದ. ಅದಕ್ಕೆ ಪ್ರವಾದಿ ಯೆರೆಮೀಯನ ಮೊದಲ ಮಾತು, ಆಮೆನ್, ಕರ್ತನು ಹಾಗೆಯೇ ಮಾಡಲಿ ಅಂತ. ಅವನಿಗೂ ತನ್ನ ಜನ ಬಿಡುಗಡೆಯಾಗಬೇಕು ಅಂತಲೇ ಆಸೆ. ಆದರೂ ದೇವರು ಹೇಳದಿದ್ದನ್ನು ದೇವರು ಹೇಳಿದ ಅಂತ ಅವನು ಹೇಳಲಿಲ್ಲ. "ಪಾಪ, ಅವಗೂ ಅದು ಖರೇ ಆಗಲಿ ಅಂತ ಇತ್ತಲ್ಲ" ಅಂದರು ಅತ್ತಿಗೆ.

ಕೂಟಕ್ಕೆ ಯಾಕೆ ಬರಲ್ಲ ಅಂತ ಇನ್ನೂ ಕೇಳಬೇಕು ಅನಿಸುವವರು ಗುರುವಾರ ಬನ್ನಿ, ಅತ್ತಿಗೆಯನ್ನೇ ಕೇಳಿ. ಅವರಿಗೆ ಪೂರ್ತಿ ವಾಸಿಯಾಗಲಿ ಅಂತ ನಾನು ದಿನಾ ಪ್ರಾರ್ಥಿಸುತ್ತೇನೆ. ಬೆಳಗ್ಗೆ ಏಳೂವರೆಗೆ ಫೋನ್ ಮಾಡಿ, ಸೂಜಿ ತಗೊಂಡ್ರಾ ಅಂತಲೂ ಕೇಳುತ್ತೇನೆ.